ಮೂರು ಊರಿನ ಕಡತ



ರಾಯಚೂರಿನ ನಿಮ್ಮ ಆಫೀಸಿಗೆ ಸರ್ವರ್ ಬಂತು, ಇನ್ನು ದೇವದುರ್ಗ, ಮಾನ್ವಿಯ ಹುಡುಗರೂ ಹೊಲದ ನಕ್ಷೆ, ಸ್ಕ್ಯಾನ್ ಮಾಡಿದ ಕಾಗದಪತ್ರಗಳನ್ನು ಅದರಲ್ಲೇ ಇಡುತ್ತಾರೆ ಅಂತ ಬರೆದಿದ್ದೀ. ಓದಿ ಬಹಳ ಸಂತೋಷವಾಯಿತು. ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತುವುದು ಇನ್ನಾದರೂ ತಪ್ಪಲಿ. ಡಿಸ್ಕು ಎಷ್ಟು ದೊಡ್ಡದಿರಬೇಕು ಅಂತ ಕೇಳಿದ್ದೀ. ಅದಕ್ಕೂ ಮೊದಲು, ಯಾವ ಫೋಲ್ಡರಿನಲ್ಲಿ ಯಾರು ಬರೆಯಬಹುದು, ಯಾರು ಬರೀ ಓದಬಹುದು ಅನ್ನುವುದನ್ನು ನೀವೆಲ್ಲ ಕೂತು ತೀರ್ಮಾನಿಸಿಕೊಳ್ಳಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಭೂಮಿ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 177 ತಾಲೂಕು ಕೇಂದ್ರಗಳಲ್ಲಿ ಕಿಟಕಿ ತೆರೆದರು. ದೇವದುರ್ಗ, ಮಾನ್ವಿಯವೂ ಅದರಲ್ಲಿದ್ದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಜನ ಆ ವೇಗವನ್ನೇ ಹೊಗಳಿದರು. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ದಾಖಲೆ ಮುಟ್ಟುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ತಿದ್ದಿದವರು ಯಾರೆಂಬುದು ಉಳಿಯುತ್ತಿತ್ತು. ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕಿತ್ತು. ಅದಕ್ಕೂ ಹಿಂದೆ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿರುತ್ತಿತ್ತು, ಒಳಗೇನಿದೆ ಎಂದು ಬಡ ರೈತ ನೋಡುವುದೇ ಕಷ್ಟವಿತ್ತು. ನಿನ್ನ ಸರ್ವರ್ ಚಿಕ್ಕದಿರಬಹುದು, ಅದರಲ್ಲಿರುವುದೂ ಯಾರದೋ ಬದುವಿನ ಅಳತೆಯೇ.

ಲಿನಕ್ಸ್ ಯಂತ್ರಗಳಿಗೆ ಎನ್‌ಎಫ್‌ಎಸ್ ಹಾಕುತ್ತೇನೆ ಅಂದಿದ್ದೀ, ಒಳ್ಳೆಯದು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ರೂಪಿಸಿದ, ಜಾಲದ ಮೇಲೆ ಫೋಲ್ಡರ್ ಹಂಚುವ ಪದ್ಧತಿ ಅದು, ಇವತ್ತಿಗೂ ಗಟ್ಟಿಯಾಗಿದೆ. ವಿಂಡೋಸ್ ಯಂತ್ರಗಳಿಗೆ ಸಾಂಬಾ ಸಾಕು. ಎನ್‌ಎಫ್‌ಎಸ್‌ನ ಒಂದು ಗುಣ ಮಾತ್ರ ಚೆನ್ನಾಗಿ ತಿಳಿದುಕೋ. ಸಾಮಾನ್ಯ ಜೋಡಣೆಯಲ್ಲಿ ಅದು ಬಳಕೆದಾರನ ಹೆಸರು ನೋಡಿ ಹಕ್ಕು ಕೊಡುವುದಿಲ್ಲ, ಸಂಖ್ಯೆ ನೋಡಿ ಕೊಡುತ್ತದೆ. ಉಬುಂಟು ಹಾಕಿದ ಪ್ರತಿ ಯಂತ್ರದಲ್ಲೂ ಮೊದಲ ಬಳಕೆದಾರನ ಸಂಖ್ಯೆ 1000. ಹಾಗಾಗಿ ಆಫೀಸಿನ ಎರಡು ಯಂತ್ರಗಳಲ್ಲಿ ಕೂತ ಇಬ್ಬರು ಸರ್ವರಿನ ಕಣ್ಣಿಗೆ ಒಬ್ಬರೇ. ಒಬ್ಬಳು ಬರೆದ ನಕ್ಷೆಯನ್ನು ಇನ್ನೊಬ್ಬ ಅಳಿಸಿದರೂ ಸರ್ವರ್ ತಡೆಯುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಸಂಖ್ಯೆ ಕೊಡು, ಎಲ್ಲ ಯಂತ್ರಗಳಲ್ಲೂ ಅದೇ ಇರಲಿ. ಬೇರೆ ಯಂತ್ರದ ರೂಟ್ ಬಳಕೆದಾರನಿಗೆ ಸರ್ವರಿನಲ್ಲಿ ರೂಟ್ ಹಕ್ಕು ಸಿಗದಂತೆ ತಡೆಯುವ ‘ರೂಟ್ ಸ್ಕ್ವಾಷ್’ ತಾನಾಗಿಯೇ ಇರುತ್ತದೆ. ಕೆಲಸ ಬೇಗ ಆಗಲೆಂದು ಅದನ್ನು ತೆಗೆಯಬೇಡ. ಯಾವ ಯಂತ್ರಕ್ಕೆ ಯಾವ ಹಕ್ಕು ಎಂದು ಬರೆಯುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಯಂತ್ರದ ಹೆಸರಿಗೂ ಮುಂದಿನ ಆವರಣ ಚಿಹ್ನೆಗೂ ನಡುವೆ ಖಾಲಿ ಜಾಗ ಬಿಡಲೇಬಾರದು. ಬಿಟ್ಟರೆ ಆವರಣದೊಳಗೆ ಕೊಟ್ಟ ಬರೆಯುವ ಹಕ್ಕು ನಿನ್ನ ಯಂತ್ರಕ್ಕಲ್ಲ, ಸರ್ವರನ್ನು ತಲುಪಬಲ್ಲ ಎಲ್ಲರಿಗೂ ಹೋಗುತ್ತದೆ.

ಇನ್ನು ನಮ್ಮ ಕರೆಂಟು. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರವಿದ್ದರೂ ನಮ್ಮ ಕಡೆ ಕರೆಂಟು ಹೋಗುವುದು ನಿನಗೆ ಗೊತ್ತೇ ಇದೆ. ಯುಪಿಎಸ್ ಸರ್ವರಿಗಷ್ಟೇ ಸಾಲದು, ನೆಟ್‌ವರ್ಕ್ ಸ್ವಿಚ್ಚಿಗೂ ಬೇಕು. ಎಕ್ಸ್‌ಪೋರ್ಟ್ಸ್ ಕಡತದಲ್ಲಿ ‘ಅಸಿಂಕ್’ ಹಾಕಿದರೆ ವೇಗ ಸಿಗುತ್ತದೆ, ಆದರೆ ಡಿಸ್ಕಿಗೆ ಮುಟ್ಟುವ ಮುಂಚೆಯೇ ‘ಬರೆದಾಯಿತು’ ಅಂತ ಸರ್ವರ್ ಹೇಳಿಬಿಡುತ್ತದೆ. ಆ ಕ್ಷಣಕ್ಕೆ ಕರೆಂಟು ಹೋದರೆ ಕೆಲಸವೂ ಹೋಯಿತು. ಅದು ಬೇಡ. ಕರೆಂಟು ಬಂದಮೇಲೆ ಸರ್ವರಿಗಿಂತ ಮೊದಲು ಮೇಜಿನ ಯಂತ್ರ ಎದ್ದರೆ ಹಂಚಿದ ಫೋಲ್ಡರ್ ಜೋಡಣೆಯಾಗದೇ ಉಳಿಯಬಹುದು. ಆಗ ಹುಡುಗರು ತಿಳಿಯದೆ ತಮ್ಮ ಯಂತ್ರದ ಅದೇ ಹೆಸರಿನ ಖಾಲಿ ಫೋಲ್ಡರಿನಲ್ಲಿ ದಿನವಿಡೀ ಬರೆಯುತ್ತಾರೆ, ಸಂಜೆ ‘ಫೈಲು ಕಾಣೆಯಾಯಿತು’ ಅನ್ನುತ್ತಾರೆ. ಜೋಡಣೆಗೆ ಮುಂಚೆ ಆ ಖಾಲಿ ಫೋಲ್ಡರಿಗೆ ಬರೆಯುವ ಹಕ್ಕನ್ನೇ ತೆಗೆದುಬಿಡು.

ದೇವದುರ್ಗ, ಮಾನ್ವಿಯ ಯಂತ್ರಗಳನ್ನು ಇಂಟರ್‌ನೆಟ್ ಮೇಲೆ ನೇರವಾಗಿ ಎನ್‌ಎಫ್‌ಎಸ್‌ಗೆ ಕಟ್ಟಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗೂಢಲಿಪಿಯಿಲ್ಲದೆ ಹೋಗುವ ಕಾಗದವನ್ನು ದಾರಿಯಲ್ಲಿ ಬೇರೆಯವರು ಓದಬಹುದು, ಲೈನು ಕಡಿದರೆ ಅಲ್ಲಿನ ಯಂತ್ರ ಅಲ್ಲಾಡದೆ ನಿಲ್ಲುತ್ತದೆ. ಎರಡೂ ಕಡೆ ಒಂದೊಂದು ಚಿಕ್ಕ ಡಿಸ್ಕು ಇಡು. ಹಗಲು ಅಲ್ಲಿಯೇ ಕೆಲಸ ನಡೆಯಲಿ, ರಾತ್ರಿ ಎಸ್‌ಎಸ್‌ಎಚ್ ಮೂಲಕ ಆರ್‌ಸಿಂಕ್ ಓಡಿ ಹೊಸದಷ್ಟೇ ರಾಯಚೂರಿಗೆ ಬರಲಿ. ಹಾಗೆಯೇ ಪ್ರತಿ ಶಾಖೆಗೂ ಜಾಗದ ಮಿತಿ ಹಾಕು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಬೇಕಾದಷ್ಟು ನೀರು ತಿರುಗಿಸಿಕೊಂಡರೆ ಮಾನ್ವಿ, ರಾಯಚೂರಿನ ಕೆಳಭಾಗಕ್ಕೆ ಏನು ಉಳಿಯುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಹುಡುಗ ಮದುವೆ ವಿಡಿಯೊ ತುಂಬಿಟ್ಟರೆ ಉಳಿದವರ ನಕ್ಷೆಗೆ ಡಿಸ್ಕಿನಲ್ಲಿ ಜಾಗವಿರುವುದಿಲ್ಲ.

ಎರಡು ಡಿಸ್ಕು ಸೇರಿಸಿ ರೇಡ್ ಮಾಡಿದ್ದನ್ನು ಬ್ಯಾಕಪ್ ಅಂದುಕೊಳ್ಳಬೇಡ. ತಪ್ಪಾಗಿ ಅಳಿಸಿದ ಫೈಲು ಎರಡರಿಂದಲೂ ಒಟ್ಟಿಗೇ ಹೋಗುತ್ತದೆ. ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ತೆಗೆದು, ರಾಯಚೂರಿನ ಆ ಕಟ್ಟಡದಲ್ಲಲ್ಲ, ಮಾನ್ವಿಯಲ್ಲಿ ಇಡು. ತಿಂಗಳಿಗೊಮ್ಮೆ ಅದರಿಂದ ಯಾವುದಾದರೊಂದು ಹಳೆಯ ನಕ್ಷೆ ತೆಗೆದು ತೆರೆಯುತ್ತದೆಯೋ ಇಲ್ಲವೋ ನೋಡು.

ಯುಗಾದಿಗೆ ಬಂದಾಗ ಎಕ್ಸ್‌ಪೋರ್ಟ್ಸ್ ಕಡತ ಇಬ್ಬರೂ ಕೂತು ಸಾಲುಸಾಲಾಗಿ ಓದೋಣ. ಅಣ್ಣ, ವೈನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಕಾಕಾ