ಉಬ್ಬಸವೂ ಕಿಣ್ವಗಳೂ

ನಮ್ಮ ಹೊಸಪೇಟೆ, ಹಂಪಿಯ ಬಯಲುಗಳಲ್ಲಿ ಬಳ್ಳಾರಿ ಜಾಲಿ ಹೂ ಬಿಟ್ಟಾಗ ಅದರ ಪರಾಗ ಗಾಳಿಗೆ ಸೇರುತ್ತದೆ. ಸಂಡೂರಿನ ಗಣಿಯ ದಾರಿಗಳಲ್ಲಿ ಕೆಂಪು ಧೂಳು ಏಳುತ್ತದೆ; ಕಂಪ್ಲಿಯಲ್ಲಿ ಭತ್ತ ಒಕ್ಕುವಾಗ ಹೊಟ್ಟು ಹಾರುತ್ತದೆ. ಈ ಗಾಳಿಯನ್ನು ಎಲ್ಲರೂ ಸೇವಿಸುವರು. ಉಬ್ಬಸ ಬರುವುದು ಕೆಲವರಿಗೆ ಮಾತ್ರ. ಇದೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಆಯುರ್ವೇದವು ಈ ರೋಗವನ್ನು ತಮಕ ಶ್ವಾಸವೆಂದು ಕರೆದಿದೆ. ಧೂಳು, ಹೊಟ್ಟು ಶ್ವಾಸನಾಳವನ್ನು ಕೆರಳಿಸಬಲ್ಲವು, ನಿಜ. ಆದರೆ ಪರಾಗದ ಉಪದ್ರವವನ್ನು ತಿಳಿಯಬೇಕಾದರೆ ದೇಹವನ್ನು ಕಾಯುವ ಜೀವಕೋಶಗಳನ್ನೂ ಅವುಗಳ ಕಿಣ್ವಗಳನ್ನೂ ನೋಡಬೇಕು. ಕಿಣ್ವವೆಂದರೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತು. ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಲಾಲಾರಸದ ಕಿಣ್ವದಿಂದಲೇ.

ಕೆಲವರ ದೇಹವು ನಿರಪಾಯವಾದ ಪರಾಗವನ್ನೇ ಶತ್ರುವೆಂದು ಬಗೆದು, ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಇದು ಶ್ವಾಸನಾಳದ ಮಾಸ್ಟ್ ಕೋಶಗಳಿಗೆ ಅಂಟಿ ಕುಳಿತಿರುತ್ತದೆ. ಅದೇ ಪರಾಗ ಮತ್ತೆ ಬಂದು ತಗುಲಿದೊಡನೆ ಕೋಶವು ತನ್ನಲ್ಲಿ ಕೂಡಿಟ್ಟ ಹಿಸ್ಟಮಿನ್ ಮತ್ತು ಟ್ರಿಪ್ಟೇಸ್ ಎಂಬ ಕಿಣ್ವವನ್ನು ಹೊರಚೆಲ್ಲುತ್ತದೆ. ಅಷ್ಟೇ ಅಲ್ಲ, ಲಿಪಾಕ್ಸಿಜನೇಸ್ ಎಂಬ ಇನ್ನೊಂದು ಕಿಣ್ವವು ಕೋಶಪೊರೆಯ ಕೊಬ್ಬಿನಿಂದ ಬಿಡುಗಡೆಯಾದ ಅರಕಿಡಾನಿಕ್ ಆಮ್ಲವನ್ನು ಲ್ಯೂಕೋಟ್ರೈಯೀನ್‌ಗಳಾಗಿ ಮಾರ್ಪಡಿಸುವ ಕೆಲಸವನ್ನು ಆರಂಭಿಸುತ್ತದೆ. ಇವುಗಳಿಂದ ನಾಳದ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಹೆಚ್ಚುತ್ತದೆ. ಸ್ವೀಡನ್ನಿನ ಬೆಂಗ್ಟ್ ಸಾಮ್ಯುಯೆಲ್ಸನ್ನರು ಈ ವಸ್ತುಗಳನ್ನು ಗುರುತಿಸಿದರು. 1982ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಅವರೊಬ್ಬರು.

ಕೆಲವು ಗಂಟೆಗಳ ತರುವಾಯ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ನೆರೆಯುತ್ತವೆ. ಇವುಗಳ ಪೆರಾಕ್ಸಿಡೇಸ್ ಕಿಣ್ವ ಮೊದಲಾದುವು ನಾಳದ ಒಳಪದರಕ್ಕೆ ಹಾನಿ ಮಾಡುತ್ತವೆ. ಆದಕಾರಣ ಉಸಿರು ಸರಾಗವಾದ ಮೇಲೂ ಒಳಗಿನ ಉರಿಯೂತ ಉಳಿದಿರಬಹುದು.

ಚಿಕಿತ್ಸೆಯ ಮರ್ಮವೂ ಇಲ್ಲಿಯೇ ಇದೆ. ಸಾಲ್ಬುಟಮಾಲ್ ಸ್ನಾಯುವಿನಲ್ಲಿರುವ ಅಡೆನಿಲ್ ಸೈಕ್ಲೇಸ್ ಕಿಣ್ವವನ್ನು ಚುರುಕುಗೊಳಿಸಿ ಬಿಗಿತವನ್ನು ಸಡಿಲಿಸುತ್ತದೆ. ಉರಿಯೂತವನ್ನು ಅದು ಶಮನ ಮಾಡದು. ಅದಕ್ಕೆ ವೈದ್ಯರು ಹೇಳಿದಂತೆ ತಪ್ಪದೆ ಸೇದುವ ಸ್ಟೀರಾಯ್ಡ್ ಔಷಧ ಬೇಕು. ಉಸಿರು ಹಗುರವಾಯಿತೆಂದು ಇದನ್ನು ಕೈಬಿಡುವವರುಂಟು. ಇನ್‌ಹೇಲರ್ ಚಟವಾಗುವುದೆಂದು ಹೆದರುವವರುಂಟು. ಮದುವೆಗೆ ಅಡ್ಡಿಯಾದೀತೆಂದು ಮಗಳ ಉಬ್ಬಸವನ್ನೇ ಮುಚ್ಚಿಡುವ ತಂದೆತಾಯಿಗಳೂ ಉಂಟು. ಈ ಔಷಧ ಚಟ ಹಿಡಿಸುವಂಥದಲ್ಲ. ರೋಗ ನಾಚಿಕೆಯ ವಿಷಯವೂ ಅಲ್ಲ. ತರಗತಿಯಲ್ಲಿ ಕಲಿತ ಈ ನಾಲ್ಕು ಮಾತುಗಳನ್ನು ನಾವು ನಮ್ಮ ನಮ್ಮ ಮನೆಗಳಲ್ಲಿ ತಿಳಿಯಹೇಳಿದರೆ, ಓದಿದ್ದು ಸಾರ್ಥಕ.