ಕತ್ತಲಿಗೆ ಎಷ್ಟು ಬುತ್ತಿ?

ಪ್ರಶ್ನೆ: ಕರ್ಬಲ್ ಸ್ಪೇಸ್ ಪ್ರೋಗ್ರಾಂ ಗೇಮ್‌ನಲ್ಲಿ ನನ್ನ ಮೊದಲ ಉಪಗ್ರಹವನ್ನು ಕರ್ಬಿನ್ ಗ್ರಹದಿಂದ 100 ಕಿ.ಮೀ. ಎತ್ತರದಲ್ಲಿ ಸುತ್ತಲು ಬಿಟ್ಟಿದ್ದೇನೆ. ನಿಯಂತ್ರಣಕ್ಕೆ ಆಕ್ಟೋ ಕೋರ್, ನಾಲ್ಕು ಬದಿಗೆ ನಾಲ್ಕು ಆಕ್ಸ್-ಸ್ಟ್ಯಾಟ್ ಸೌರಫಲಕ. ಬಿಸಿಲಲ್ಲಿ ಎಲ್ಲಾ ಸರಿ. ಗ್ರಹದ ಹಿಂದೆ ಹೋಗಿ ಸ್ವಲ್ಪ ಹೊತ್ತಿಗೆ ಹೇಳಿದ ಮಾತು ಕೇಳುವುದಿಲ್ಲ. ಇನ್ನೂ ನಾಲ್ಕು ಫಲಕ ಹಚ್ಚಲೇ?
– ಪಿಯುಸಿ ವಿದ್ಯಾರ್ಥಿ, ಗೋಕಾಕ

ಉತ್ತರ: ಬೇಡ. ನಿಮ್ಮೂರ ಫಾಲ್ಸ್ ಕಡುಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ನಿಮಗೇ ಗೊತ್ತು, ಬರೀ ಬಂಡೆ. 1887ರಲ್ಲೇ ಆ ನೀರಿನಿಂದ ವಿದ್ಯುತ್ ತೆಗೆದ ಜಾಗ ಅದು. ಆದರೆ ಹೊಳೆ ಸೊರಗಿದಾಗ ಇನ್ನೆರಡು ಟರ್ಬೈನ್ ಕೂರಿಸಿದರೆ ಕರೆಂಟ್ ಹೆಚ್ಚುತ್ತದೆಯೇ? ನೆರಳಿನಲ್ಲಿ ಫಲಕದ ಕಥೆಯೂ ಅಷ್ಟೇ. ಕೊರತೆ ಇರುವುದು ಕೂಡಿಡುವುದರಲ್ಲಿ.

ಲೆಕ್ಕ ಹಾಕೋಣ. ಕರ್ಬಿನ್ನಿನ ತ್ರಿಜ್ಯ 600 ಕಿ.ಮೀ. ನಿಮ್ಮ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು ಮೂವತ್ತೆರಡೂವರೆ ನಿಮಿಷ, ಅದರಲ್ಲಿ ಹತ್ತಿರ ಹತ್ತಿರ 11 ನಿಮಿಷ ಕತ್ತಲು. ಆಕ್ಟೋ ನಿಮಿಷಕ್ಕೆ 1.2 ಯೂನಿಟ್ ತಿನ್ನುತ್ತದೆ. ಅಂದರೆ ಕತ್ತಲು ದಾಟಲು 13 ಯೂನಿಟ್ ಬುತ್ತಿ ಬೇಕು. ಅದರ ಹೊಟ್ಟೆಯಲ್ಲಿ ಹಿಡಿಯುವುದು 10. ಗಡಿಯಾರ ಇಟ್ಟು ನೋಡಿ, ಎಂಟು ನಿಮಿಷ ದಾಟುತ್ತಲೇ ಅದು ಮೂಕಾಗುತ್ತದೆ. ರಿಯಾಕ್ಷನ್ ವೀಲ್ ಹಾಕಿ ಅತ್ತಿತ್ತ ತಿರುಗಿಸುತ್ತಿದ್ದರೆ ಇನ್ನೂ ಬೇಗ. ಝಡ್-100 ಬ್ಯಾಟರಿ ಒಂದೇ ಒಂದು ಸೇರಿಸಿ, ಅದು 100 ಯೂನಿಟ್ ಹಿಡಿಯುತ್ತದೆ. ಬಿಸಿಲಿಗೆ ನೇರ ಮುಖ ಮಾಡಿದ ಒಂದು ಆಕ್ಸ್-ಸ್ಟ್ಯಾಟ್ ಸೆಕೆಂಡಿಗೆ 0.35 ಯೂನಿಟ್ ಕೊಡುವುದರಿಂದ ಖರ್ಚಾದ ಆ ಹದಿಮೂರು ಯೂನಿಟ್ ಮುಕ್ಕಾಲು ನಿಮಿಷದೊಳಗೆ ವಾಪಸ್. ನಾಲ್ಕು ಬದಿಗೆ ಹಚ್ಚಿದ್ದು ಮಾತ್ರ ಜಾಣತನ, ತುದಿ ನೇರ ಸೂರ್ಯನತ್ತ ಇಲ್ಲದಿದ್ದರೆ ಹೇಗೆ ತಿರುಗಿದರೂ ಒಂದಕ್ಕಾದರೂ ಬಿಸಿಲು ಸಿಗುತ್ತದೆ.

ಮುಂದೆ ಮಡಚುವ ಫಲಕ ಸಿಕ್ಕಾಗ ಒಂದು ಎಚ್ಚರ. ಮಡಚಿದ್ದಾಗಲೇ ಕರೆಂಟ್ ಮುಗಿದರೆ ಅದನ್ನು ಬಿಚ್ಚು ಎನ್ನಲು ಕೋರ್‌ಗೆ ಜೀವವೇ ಇರುವುದಿಲ್ಲ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ. ಹೀಗೆ ಕಳೆದುಕೊಂಡ ನನ್ನ ಮೂರು ಉಪಗ್ರಹ ಈಗಲೂ ಸುಮ್ಮನೆ ಸುತ್ತುತ್ತಿವೆ.

ಇದು ಆಟದ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಆರು ತಿಂಗಳಿಗೆಂದು ಕಟ್ಟಿದ ಮಂಗಳಯಾನ 2014ರ ಸೆಪ್ಟೆಂಬರ್‌ನಿಂದ ಏಳು ವರ್ಷಕ್ಕೂ ಮಿಕ್ಕಿ ಮಂಗಳನನ್ನು ಸುತ್ತಿತು. ಅದರ ಬ್ಯಾಟರಿ ತಾಳುವಂತಿದ್ದದ್ದು ಸುಮಾರು 1 ಗಂಟೆ 40 ನಿಮಿಷದ ನೆರಳನ್ನು. 2022ರ ಏಪ್ರಿಲ್‌ನಲ್ಲಿ ಏಳೂವರೆ ಗಂಟೆಯ ನೆರಳು ಬಿತ್ತು. ಆಮೇಲೆ ಅದು ಮಾತಾಡಲಿಲ್ಲ. ಕಕ್ಷೆ ಬದಲಿಸಿ ನೆರಳನ್ನು ತಪ್ಪಿಸಿಕೊಳ್ಳೋಣವೆಂದರೆ ಇಂಧನವೂ ತೀರಿಹೋಗಿತ್ತು ಎನ್ನುತ್ತಾರೆ.

ಪ್ರಶ್ನೆ: ನಮ್ಮ ಹೊಲದ ಸೋಲಾರ್ ಪಂಪ್‌ಸೆಟ್‌ಗೆ ಬ್ಯಾಟರಿಯೇ ಇಲ್ಲ. ಹತ್ತು ವರ್ಷದ ಮಗ ಕೇಳುತ್ತಾನೆ, ಉಪಗ್ರಹಕ್ಕೆ ಮಾತ್ರ ಯಾಕೆ ಬೇಕು ಎಂದು.
– ಕಬ್ಬು ಬೆಳೆಗಾರ, ಮೂಡಲಗಿ

ಉತ್ತರ: ಹುಡುಗ ಚುರುಕಿದ್ದಾನೆ. ರಾತ್ರಿ ಪಂಪ್ ನಿಂತರೆ ಬಾವಿ ಸಾಯುವುದಿಲ್ಲ, ಹಗಲು ಎತ್ತಿದ ನೀರು ಹೊಂಡದಲ್ಲಿ ಇರುತ್ತದೆ. ಉಪಗ್ರಹ ಕತ್ತಲಲ್ಲೂ ಕಿವಿ ತೆರೆದಿರಬೇಕು, ಮೈ ಬೆಚ್ಚಗಿಟ್ಟುಕೊಳ್ಳಬೇಕು. ನಿಮ್ಮ ಪಂಪ್‌ಸೆಟ್‌ಗೆ ಹತ್ತಿರದ ನೆಂಟ ಚಂದ್ರಯಾನ-3ರ ವಿಕ್ರಮ್. 738 ವಾಟ್ ಸೌರಫಲಕ, ಚಂದ್ರನ ಒಂದು ಹಗಲಿಗಷ್ಟೇ ಲೆಕ್ಕ, ಅಂದರೆ ನಮ್ಮ 14 ದಿನ. 2023ರ ಆಗಸ್ಟ್ 23ರಂದು ಇಳಿಯಿತು, ಕೆಲಸ ಮುಗಿಸಿ ಮಲಗಿತು. ರಾತ್ರಿಯ ಚಳಿ ಕಳೆದು ಮತ್ತೆ ಬಿಸಿಲು ಬಂದಾಗ ಕರೆದರು, ಏಳಲಿಲ್ಲ.

ಪ್ರಶ್ನೆ: ಕರ್ಬಲ್ ಆಟದ ಜೂಲ್ ಗ್ರಹಕ್ಕೆ ನೌಕೆ ಕಳಿಸಬೇಕು. ದೊಡ್ಡ ಫಲಕಗಳೋ, ಪರಮಾಣು ಬ್ಯಾಟರಿಯೋ?
– ಐಟಿಐ ಎಲೆಕ್ಟ್ರಿಷಿಯನ್, ಹುಕ್ಕೇರಿ

ಉತ್ತರ: 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಟ್ಟುಕೊಂಡಿರುವ ತಾಲ್ಲೂಕಿನವರಿಗೆ, ಅದರಲ್ಲೂ ಎಲೆಕ್ಟ್ರಿಷಿಯನ್‌ಗೆ, ಲೋಡ್ ಎಂದರೇನು ಎಂದು ನಾನು ಹೇಳಬೇಕಿಲ್ಲ. ಸಪ್ಲೈ ಮಾತ್ರ ನೋಡೋಣ. ಜೂಲ್ ಕರ್ಬಿನ್ನಿಗಿಂತ ಸೂರ್ಯನಿಂದ ಐದು ಪಟ್ಟು ದೂರ. ದೂರ ಐದು ಪಟ್ಟಾದರೆ ಬಿಸಿಲು ಇಪ್ಪತ್ತೈದರಲ್ಲೊಂದು ಪಾಲು. ಕರ್ಬಿನ್ ಬಳಿ ಸೆಕೆಂಡಿಗೆ 1.64 ಯೂನಿಟ್ ಕೊಡುವ ಬಿಚ್ಚುಫಲಕ ಅಲ್ಲಿ ಕೊಡುವುದು ಸುಮಾರು 0.06. ಪಿಬಿ-ನ್ಯೂಕ್ ಎಂಬ ಪರಮಾಣು ಬ್ಯಾಟರಿ ಬಿಸಿಲು, ನೆರಳು ನೋಡದೆ 0.8 ಕೊಡುತ್ತದೆ. ಬೆಲೆ ಮಾತ್ರ ಕಣ್ಣು ಕುಕ್ಕುತ್ತದೆ. ಹಣ ಇದ್ದರೆ ಒಂದು ಹಾಕಿ. ನಿಜದಲ್ಲಿ ಎರಡೂ ದಾರಿ ಹಿಡಿದವರಿದ್ದಾರೆ. 1977ರ ವಾಯೇಜರ್‌ಗಳು ಪ್ಲುಟೋನಿಯಂ ಬಿಸಿಯಿಂದಲೇ ಬದುಕಿದವು, ಆದರೆ ಆ ಕಾವು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆಟದಲ್ಲಿ ಆ ಚಿಂತೆ ಇಲ್ಲ. 2011ರಲ್ಲಿ ಹೊರಟ ಜೂನೋ ಸುಮಾರು ಒಂಬತ್ತು ಮೀಟರ್ ಉದ್ದದ ಮೂರು ರೆಕ್ಕೆ ಹೊತ್ತು ಗುರುಗ್ರಹದ ಬಳಿ ಬರೀ ಬಿಸಿಲಲ್ಲೇ ಕೆಲಸ ಮಾಡಿತು.

ಯಾವುದನ್ನೇ ಹಾಕಿ, ಬ್ಯಾಟರಿ ಬಿಡಬೇಡಿ. ಆಂಟೆನಾ ಸುಮ್ಮನಿದ್ದಾಗ ಕರೆಂಟ್ ಕೇಳುವುದಿಲ್ಲ, ಪ್ರಯೋಗದ ಫಲಿತಾಂಶ ಕಳಿಸಲು ಕೂತರೆ ಗಟಗಟ ಕುಡಿಯುತ್ತದೆ. 0.8ರ ಸಣ್ಣ ಧಾರೆ ಆ ಹೊತ್ತಿಗೆ ಸಾಲದು. ಮೊದಲು ಬ್ಯಾಟರಿ ತುಂಬಲಿ, ಆಮೇಲೆ ಕಳಿಸುವ ಗುಂಡಿ ಒತ್ತಿ.