ಚಕ್ರಗಳ ಕವಚ ವಾಹನ: ಸಣ್ಣ ಕೈಗಾರಿಕೆಗೆ ಅವಕಾಶ ಮತ್ತು ಎಚ್ಚರ

ವಿಜಯಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕಗೊಂಡದ್ದು ಅಹ್ಮದನಗರದಲ್ಲಿ. ಇಂದು ಅಹಿಲ್ಯಾನಗರವೆನಿಸಿರುವ ಅದೇ ಊರಿನ ಡಿ.ಆರ್.ಡಿ.ಓ. ವಾಹನ ಸಂಶೋಧನಾ ಕೇಂದ್ರವು ಟಾಟಾ ಸಮೂಹದೊಡನೆ ಎಂಟು ಚಕ್ರಗಳ ‘ವ್ಹ್ಯಾಪ್’ ಕವಚ ವಾಹನವನ್ನು ರೂಪಿಸಿದೆ. 2014ರಲ್ಲಿ ದೆಹಲಿಯ ಪ್ರದರ್ಶನದಲ್ಲಿ ಕಾಣಿಸಿಕೊಂಡ ಇದರ ಒಂದು ರೂಪವು 2022ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆಯನ್ನು ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಮೊರಾಕ್ಕೋ ದೇಶದಲ್ಲಿ ಇದರ ತಯಾರಿಕಾ ಘಟಕವು ಉದ್ಘಾಟನೆಗೊಂಡಿತು. ಇಂತಹ ವಾಹನದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ಕಾರ್ಯಾಗಾರಗಳಿಗೆ ಪಾಲು ದೊರೆಯಬಹುದೇ ಎಂಬುದು ವಿಚಾರಾರ್ಹ.

1. ವಾಹನದ ಸ್ವರೂಪ

ಪದಾತಿ ಸೈನಿಕರನ್ನು ಗುಂಡು ಮತ್ತು ನೆಲಬಾಂಬುಗಳಿಂದ ಕಾಪಾಡಿ ರಣರಂಗಕ್ಕೆ ಒಯ್ಯುವುದೇ ಇದರ ಉದ್ದೇಶ. ತೆಲಂಗಾಣದ ಮೇದಕ್ ಕಾರ್ಖಾನೆಯ ಬಿ.ಎಂ.ಪಿ.-2 ‘ಸಾರಥ್’ ವಾಹನವು ಉಕ್ಕಿನ ಪಟ್ಟಿಗಳ ಮೇಲೆ ಚಲಿಸುತ್ತದೆ. ಮಳೆಯಾದ ಎರೆಹೊಲದಲ್ಲಿ ಕಬ್ಬಿನ ಟ್ರೇಲರ್ ಹೂತುಕೊಳ್ಳುವುದನ್ನು ಕಂಡವರಿಗೆ ಪಟ್ಟಿಯ ಅನುಕೂಲ ತಿಳಿದೀತು. ಆದರೆ ರಸ್ತೆಯ ಮೇಲೆ ಚಕ್ರಕ್ಕೆ ವೇಗ ಹೆಚ್ಚು, ನಿರ್ವಹಣಾ ವೆಚ್ಚ ಕಡಿಮೆ.

ಈ ವರ್ಗದ ವಾಹನಗಳಿಗೆ ಸಾಮಾನ್ಯವಾಗಿ 30 ಮಿ.ಮೀ. ಸ್ವಯಂಚಾಲಿತ ಫಿರಂಗಿ, 7.62 ಮಿ.ಮೀ. ಮೆಷಿನ್ ಗನ್ ಹಾಗೂ ಟ್ಯಾಂಕ್ ನಿರೋಧಕ ಕ್ಷಿಪಣಿಗಳನ್ನು ಅಳವಡಿಸುವುದುಂಟು. ಒಳಗೆ ಕುಳಿತೇ ಪರದೆಯನ್ನು ನೋಡಿ ಗುಂಡು ಹಾರಿಸುವ ವ್ಯವಸ್ಥೆಯೂ ಬಳಕೆಗೆ ಬಂದಿದೆ.

2. ಸಣ್ಣ ತಯಾರಕರ ಪಾಲು

ಕವಚ ವಾಹನ ಮತ್ತು ಆಯುಧಗಳ ತಯಾರಿಕೆಗೆ ಕೈಗಾರಿಕಾ ಪರವಾನಗಿ ಅವಶ್ಯ. ಆದರೆ 2014ರಲ್ಲಿ ಕೇಂದ್ರ ಸರ್ಕಾರವು ಹೆಚ್ಚಿನ ಬಿಡಿಭಾಗ ಮತ್ತು ಎರಕದ ವಸ್ತುಗಳನ್ನು ಪರವಾನಗಿಯ ಪಟ್ಟಿಯಿಂದ ಕೈಬಿಟ್ಟಿತು. ಬುಶ್, ಬ್ರಾಕೆಟ್, ಕೀಲು, ಆಸನದ ಚೌಕಟ್ಟು, ಉಪಕರಣ ಪೆಟ್ಟಿಗೆ ಇಂತಹವು ಲೇತ್ ಹಾಗೂ ವೆಲ್ಡಿಂಗ್ ಬಲ್ಲವರಿಗೆ ಅಪರಿಚಿತವಲ್ಲ. ಆದರೆ ನೇಗಿಲು, ಟ್ರೇಲರ್‌ಗಳಲ್ಲಿ ನಡೆಯುವ ಅಳತೆಯ ಸಡಿಲಿಕೆ ಇಲ್ಲಿ ನಡೆಯದು. ಉಕ್ಕಿನ ಪ್ರಮಾಣಪತ್ರ ಮತ್ತು ತಪಾಸಣಾ ದಾಖಲೆಯಿಲ್ಲದ ಮಾಲು ತಿರಸ್ಕೃತವಾಗುವುದು.

3. ಹಣ ಕೈಸೇರುವ ಬಗೆ

ನಗದು ಕೊಟ್ಟು ಉಕ್ಕು ತಂದು, ಉದ್ದರಿಯಲ್ಲಿ ಮಾಲು ಕೊಡುವ ಘಟಕವು ಆದೇಶವಿದ್ದೂ ಮುಚ್ಚಬಹುದು. ಇದೇ ನಿಜವಾದ ಅಪಾಯ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಘಟಕಕ್ಕೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಮಾಸಿಕ ಚಕ್ರಬಡ್ಡಿಯ ಲೆಕ್ಕದಲ್ಲಿ ಸಲ್ಲತಕ್ಕದ್ದು.

ಉದಾಹರಣೆಗೆ, ಬ್ಯಾಂಕ್ ದರ ಶೇ. 6 ಎಂದು ಭಾವಿಸಿದರೆ ಬಡ್ಡಿ ವಾರ್ಷಿಕ ಶೇ. 18, ತಿಂಗಳಿಗೆ ಶೇ. 1.5. ರೂ. 10 ಲಕ್ಷದ ಬಿಲ್ಲು ಗಡುವು ಮೀರಿ ನಾಲ್ಕು ತಿಂಗಳು ಉಳಿದರೆ ಬಡ್ಡಿ ರೂ. 61,364. ಇದಲ್ಲದೆ, 2023ರ ಹಣಕಾಸು ಕಾಯ್ದೆ ತಂದ ನಿಯಮದಂತೆ, ಗಡುವು ಮೀರಿದ ಬಾಕಿಯನ್ನು ಖರೀದಿದಾರರು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು.

4. ಗಮನಿಸಬೇಕಾದ ಅಂಶಗಳು

ಅ) ಆದೇಶ ಒಪ್ಪುವ ಮುನ್ನವೇ ‘ಉದ್ಯಮ್’ ನೋಂದಣಿ ಮಾಡಿಸುವುದು ಕ್ಷೇಮ. ನಂತರದ ನೋಂದಣಿಯು ವ್ಯಾಜ್ಯಕ್ಕೆ ಎಡೆಮಾಡಿಕೊಡುತ್ತದೆ.

ಆ) ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಎತ್ತಿದರೆ, ಅದು ನಿವಾರಣೆಯಾದ ದಿನದಿಂದಲೇ ಗಡುವಿನ ಎಣಿಕೆ. ಆದುದರಿಂದ ತಲುಪಿಸಿದ ರಸೀದಿ ಮತ್ತು ತಪಾಸಣಾ ಪತ್ರಗಳನ್ನು ಜೋಪಾನ ಮಾಡಬೇಕು.

ಇ) 2021ರ ಜುಲೈನಿಂದ ವರ್ತಕರಿಗೂ ಉದ್ಯಮ್ ನೋಂದಣಿ ಲಭ್ಯವಿದ್ದರೂ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಉಕ್ಕು ಮಾರುವ ವರ್ತಕರು 45 ದಿನಗಳ ರಕ್ಷಣೆಯನ್ನು ನಂಬಿ ಉದ್ದರಿ ಕೊಡುವಂತಿಲ್ಲ.

ಮೊದಲಿಗೆ ದೊಡ್ಡ ಕಂಪನಿಗೆ ಮಾಲು ಪೂರೈಸುವ ಮಧ್ಯಮ ಘಟಕದಿಂದ ಒಂದೆರಡು ಬಿಡಿಭಾಗಗಳ ಆದೇಶ ಪಡೆದು, ಹೊಸ ಯಂತ್ರಕ್ಕೆ ಸಾಲ ಮಾಡದೆ, ಎರಡು ಬಿಲ್ಲುಗಳ ಹಣ ಕೈಸೇರಿದ ಮೇಲೆ ವಿಸ್ತರಣೆಯನ್ನು ಯೋಚಿಸುವುದು ವಿವೇಕ. ಕವಚವು ವಾಹನಕ್ಕೆ ಹೇಗೋ, ದಾಖಲೆಯು ವ್ಯಾಪಾರಕ್ಕೆ ಹಾಗೆ.